ಎಲೆಕ್ಟ್ರಾನಿಕ್ ಪೇಂಟ್‌ಬಾಲ್ ಗನ್‌ಗೆ ಸಿಓ2 ಹಾಕಬಹುದಾ? ಒಬ್ಬರು ಹೂಂ ಅಂತಾರೆ, ಒಬ್ಬರು ಬೇಡ ಅಂತಾರೆ

ಡಲ್ಲಾಸ್‌ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಟೆಕ್ಸಾಸ್‌ನ ಪ್ಲೇನೋದಲ್ಲಿ. ಇಲ್ಲಿನ ನಮ್ಮ ಕನ್ನಡದ ಗ್ಯಾಂಗ್ ಆಗಾಗ ವೀಕೆಂಡ್‌ನಲ್ಲಿ ಪೇಂಟ್‌ಬಾಲ್ (ಬಣ್ಣ ತುಂಬಿದ ಗುಂಡು ಹೊಡೆಯುವ ಆಟ) ಆಡಲು ಹೋಗುತ್ತದೆ. ಇಷ್ಟು ದಿನ ಬಾಡಿಗೆ ಗನ್. ಈಗ ಸ್ಮಾರ್ಟ್ ಪಾರ್ಟ್ಸ್ ಕಂಪನಿಯ ಹಳೆಯ ಅಯಾನ್ ಗನ್ ಒಂದು ಸೆಕೆಂಡ್‌ಹ್ಯಾಂಡ್‌ನಲ್ಲಿ ಕಡಿಮೆ ದುಡ್ಡಿಗೆ ಸಿಕ್ಕಿತು. ಜೊತೆಗೆ ಗುಂಡು ಹಾರಿಸುವ ಗ್ಯಾಸಿಗೆ 20 ಔನ್ಸಿನ ಸಿಓ2 (ಕಾರ್ಬನ್ ಡೈಆಕ್ಸೈಡ್) ಟ್ಯಾಂಕನ್ನೂ ಸುಮ್ನೆ ಕೊಟ್ಟ. ಮಾರಿದವನು "ಧೈರ್ಯವಾಗಿ ಹಾಕು, ಏನೂ ಆಗಲ್ಲ" ಅಂದ. ಮೈದಾನದವರು "ಎಲೆಕ್ಟ್ರಾನಿಕ್ ಗನ್ನಾ? ಸಿಓ2 ಹತ್ತಿರಕ್ಕೂ ತರಬೇಡ" ಅಂದರು. ಆದರೆ ಅದೇ ಮೈದಾನದಲ್ಲಿ ಒಬ್ಬ ಟಿಪ್‌ಮನ್ ಎ-5 ಗನ್ನಿಗೆ ಇ-ಗ್ರಿಪ್ (ಬ್ಯಾಟರಿ ಟ್ರಿಗರ್ ಇರುವ ಹಿಡಿಕೆ) ಹಾಕಿಸಿಕೊಂಡು ಆರಾಮಾಗಿ ಸಿಓ2ನಲ್ಲೇ ಆಡುತ್ತಾನೆ. ಅವನದ್ದೂ ಬ್ಯಾಟರಿ ಗನ್ನೇ ಅಲ್ವಾ? ಯಾರ ಮಾತು ಸರಿ? ಗನ್ ಹಾಳಾಗುವುದು ಒಂದು ಕಡೆ ಇರಲಿ, ಕೈಗೆ ಮುಖಕ್ಕೆ ಏನಾದರೂ ಆಗುತ್ತಾ ಅನ್ನುವುದು ನನ್ನ ಹೆಂಡತಿಯ ಪ್ರಶ್ನೆ.

ಮೈಸೂರ್‌ಪಾಕ್99:
ಹಾಕಿ ಗುರು. ಪೇಂಟ್‌ಬಾಲ್ ಶುರುವಾಗಿದ್ದೇ ಸಿಓ2ನಲ್ಲಿ. 1981ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮೊದಲ ಆಟ ಆಡಿದಾಗ ಇದ್ದಿದ್ದು ನೆಲ್‌ಸ್ಪಾಟ್ 007 ಪಿಸ್ತೂಲು, ಮರಕ್ಕೆ ದನಕ್ಕೆ ಬಣ್ಣದ ಗುರುತು ಹಾಕಲು ಮಾಡಿದ್ದು. ಅದರೊಳಗೆ 12 ಗ್ರಾಂ ಸಿಓ2 ಕಾರ್ಟ್ರಿಜ್. ಆಗ ಯಾರೂ ಸಾಯಲಿಲ್ಲ.

ಗ್ಯಾಸ್‌ಗಣಪ:
ಪಾಕ್ ಅವರೇ, ಆ ಪಿಸ್ತೂಲಿನಲ್ಲಿ ಬ್ಯಾಟರಿಯೂ ಇರಲಿಲ್ಲ, ಕರೆಂಟಿನಿಂದ ಕೆಲಸ ಮಾಡುವ ಸೊಲೆನಾಯ್ಡೂ ಇರಲಿಲ್ಲ. ಒಂದೊಂದು ಗುಂಡಿಗೂ ಕೈಯಲ್ಲಿ ಕಾಕ್ ಮಾಡಬೇಕಿತ್ತು. ಅಷ್ಟು ನಿಧಾನಕ್ಕೆ ಹೊಡೆದರೆ ಸಿಓ2 ಯಾವ ಗನ್ನಿನಲ್ಲೂ ತಕರಾರು ಮಾಡಲ್ಲ.

ದಾವಣಗೆರೆ ಅವರೇ, ಮೈದಾನದವರು ಹೇಳಿದ್ದೂ ಸರಿ, ಆ ಎ-5 ಹುಡುಗ ಮಾಡುತ್ತಿರುವುದೂ ಸರಿ. ಮಾರಿದವನು ಹೇಳಿದ್ದು ಮಾತ್ರ ತಪ್ಪು. "ಎಲೆಕ್ಟ್ರಾನಿಕ್" ಅನ್ನುವ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ಜಾತಿಯ ಗನ್ ಓಡಾಡುತ್ತಿವೆ, ಗಲಾಟೆ ಎಲ್ಲಾ ಅದರಿಂದ.

ಮೊದಲನೆಯದು, ಎ-5 ಇ-ಗ್ರಿಪ್, ಸ್ಪೈಡರ್ ಎಲೆಕ್ಟ್ರಾ ಥರದ್ದು. ಇಲ್ಲಿ ಬ್ಯಾಟರಿಗೆ ಇರುವುದು ಒಂದೇ ಕೆಲಸ. ನೀವು ಟ್ರಿಗರ್ ಒತ್ತಿದಾಗ ಪುಟ್ಟ ಕಾಯಿಲ್ ಒಂದು ಸಿಯರ್ (ಹ್ಯಾಮರನ್ನು ಹಿಡಿದಿಡುವ ಕೊಕ್ಕೆ) ಅನ್ನು ತಟ್ಟಿ ಬಿಡಿಸುತ್ತದೆ. ಆಮೇಲೆ ಎಲ್ಲಾ ಹಳೆಯ ಪದ್ಧತಿಯೇ: ಸ್ಪ್ರಿಂಗ್, ಹ್ಯಾಮರ್, ವಾಲ್ವ್. ಗ್ಯಾಸ್ ಆ ಕಾಯಿಲ್ ಹತ್ತಿರಕ್ಕೂ ಬರಲ್ಲ. ಒಳಗೆ ಸ್ವಲ್ಪ ಮಂಜು ಬಿದ್ದರೂ ದಪ್ಪ ಉಕ್ಕಿನ ಹ್ಯಾಮರ್ ತಡೆದುಕೊಳ್ಳುತ್ತದೆ.

ಎರಡನೆಯದು ನಿಮ್ಮ ಅಯಾನ್, ಮತ್ತೆ ಏಂಜೆಲ್, ಇಂಟಿಮಿಡೇಟರ್, ಪ್ಲಾನೆಟ್ ಎಕ್ಲಿಪ್ಸ್‌ನ ಈಗೋ ಇಂಥವು. ಇಲ್ಲಿ ಸೊಲೆನಾಯ್ಡ್ ಅಂದರೆ ಗ್ಯಾಸ್ ಹಾದುಹೋಗುವ ಪುಟ್ಟ ವಾಲ್ವ್. ಗುಂಡನ್ನು ಮುಂದೆ ತಳ್ಳುವ ಬೋಲ್ಟ್ ಹಿಂದೆ ಮುಂದೆ ಓಡುವುದೇ ಆ ಗ್ಯಾಸಿನಿಂದ. ಅದರೊಳಗೆ ಕೂದಲೆಳೆಯಷ್ಟು ದಾರಿಗಳು, ತೆಳು ರಬ್ಬರ್ ಸೀಲ್‌ಗಳು. ಅವನ್ನು ಮಾಡಿರುವುದು ಕಾರ್ಖಾನೆಯ ಒಣ ಗಾಳಿಗೆ, ಕಡಿಮೆ ಒತ್ತಡಕ್ಕೆ. ಅಲ್ಲಿಗೆ ದ್ರವ ಸಿಓ2 ನುಗ್ಗಿದರೆ ಸೊಲೆನಾಯ್ಡ್ ಹೋಯ್ತು ಅಂತಲೇ ಲೆಕ್ಕ. ಹಳೆಯ ಅಯಾನ್‌ಗೆ ಹೊಸ ಸೊಲೆನಾಯ್ಡ್ ಹುಡುಕುವ ಹೊತ್ತಿಗೆ ಇನ್ನೊಂದು ಗನ್ ತಗೊಳ್ಳಬಹುದು, ಆ ಕಂಪನಿಯೇ 2010ರಲ್ಲಿ ಬಾಗಿಲು ಹಾಕಿತು.

ಶಿರಸಿಅಪ್ಪೆಮಿಡಿ:
ದ್ರವ ಅಂದರೇನು? ಟ್ಯಾಂಕಿನಲ್ಲಿ ಇರುವುದು ಗ್ಯಾಸ್ ಅಲ್ವಾ?

ಗ್ಯಾಸ್‌ಗಣಪ:
ಇಲ್ಲ ಮೇಡಂ, ನಮ್ಮನೆ ಅಡುಗೆ ಸಿಲಿಂಡರ್ ಇದ್ದ ಹಾಗೆ. ತಳದಲ್ಲಿ ದ್ರವ, ಮೇಲೆ ಗ್ಯಾಸ್. ಮೇಲಿನ ಗ್ಯಾಸ್ ಖರ್ಚಾದ ಹಾಗೆ ದ್ರವ ಕುದ್ದು ಜಾಗ ತುಂಬುತ್ತದೆ. ಸಿಲಿಂಡರನ್ನು ಮಲಗಿಸಿ ಒಲೆ ಹಚ್ಚಬಾರದು ಅಂತಾರಲ್ಲ, ಇಲ್ಲೂ ಅದೇ ಕಾರಣ. ಪೇಂಟ್‌ಬಾಲ್ ಗನ್ನಿನಲ್ಲಿ ಟ್ಯಾಂಕ್ ಹಿಡಿಕೆಯ ಹಿಂದೆ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. ನೀವು ಬಂಕರ್ (ಮೈದಾನದಲ್ಲಿ ಅವಿತುಕೊಳ್ಳಲು ಇಟ್ಟ ಅಡ್ಡ) ಹಿಂದೆ ಬಗ್ಗಿ ಗನ್ನಿನ ಮೂತಿ ಕೆಳಗೆ ಮಾಡಿದರೆ ದ್ರವ ಸೀದಾ ವಾಲ್ವ್‌ಗೆ ಬರುತ್ತದೆ.

ಒತ್ತಡ ಎಷ್ಟು ಅನ್ನುವುದನ್ನು ತೀರ್ಮಾನ ಮಾಡುವುದು ಟೆಂಪರೇಚರ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 57 ಬಾರ್, ಅಂದರೆ 830 ಪಿಎಸ್‌ಐ (ಎರಡೂ ಒತ್ತಡದ ಅಳತೆಗಳು). 0 ಡಿಗ್ರಿಗೆ ಇಳಿದರೆ 500 ಆಸುಪಾಸು. 30 ಡಿಗ್ರಿಯಲ್ಲಿ ಸಾವಿರ ದಾಟುತ್ತದೆ. ಟ್ಯಾಂಕ್ ತುಂಬಿರಲಿ, ಅರ್ಧ ಇರಲಿ, ಒಳಗೆ ದ್ರವ ಇರುವ ತನಕ ಇದೇ ಒತ್ತಡ. 31 ಡಿಗ್ರಿ ದಾಟಿದ ಮೇಲೆ ದ್ರವ ಗ್ಯಾಸ್ ಅನ್ನುವ ಭೇದವೇ ಇರಲ್ಲ. ಅಲ್ಲಿಂದ ಮುಂದೆ ಟ್ಯಾಂಕಿಗೆ ಎಷ್ಟು ತುಂಬಿದ್ದೀರಿ ಅನ್ನುವುದರ ಮೇಲೆ ಒತ್ತಡ ಏರುತ್ತದೆ. ಸರಿಯಾಗಿ ತುಂಬಿದ ಟ್ಯಾಂಕೇ 40 ಡಿಗ್ರಿಯಲ್ಲಿ 1,500 ಪಿಎಸ್‌ಐ ದಾಟುತ್ತದೆ. ಜುಲೈನಲ್ಲಿ ಡಲ್ಲಾಸ್ ಬಿಸಿಲು ಎಷ್ಟಿರುತ್ತೆ ಅಂತ ದಾವಣಗೆರೆಯವರಿಗೆ ನಾನು ಹೇಳಬೇಕಾಗಿಲ್ಲ.

ಹುಬ್ಬಳ್ಳಿಹೈದ:
ಗಣಪಣ್ಣ ಭಾಳ ಹೆದರಿಸ್ತಾರ. ನಾ ಅಟ್ಲಾಂಟಾದಾಗ ಅಯಾನ್‌ದಂಥದ್ದೇ ಗನ್ನಿಗೆ ವರ್ಷಗಟ್ಟಲೆ ಸಿಓ2 ಹಾಕೇನಿ. ಆ್ಯಂಟಿ-ಸೈಫನ್ ಟ್ಯೂಬ್ ಹಾಕಿಸಿ, ನಡುವ ಎಕ್ಸ್‌ಪಾನ್ಷನ್ ಚೇಂಬರ್ ಕೂಡಿಸಿದ್ರ ಆತು. ಏನೂ ಆಗಿಲ್ಲ ನೋಡ್ರಿ.

ಕಾವೇರಿಕಾಯಿಲ್:
ಹೈದ ಅವರ ಮಾತಿನಲ್ಲಿ ಸತ್ಯ ಇದೆ, ಪೂರ್ತಿ ಅಲ್ಲ ಅಷ್ಟೇ. ನಾನು ಇಲ್ಲಿ ನ್ಯೂಜೆರ್ಸಿಯಲ್ಲಿ ಬಿಡುವಿದ್ದಾಗ ಗನ್ ರಿಪೇರಿ ಮಾಡುತ್ತೇನೆ, ಇಲ್ಲಿಯವರು ಏರ್‌ಸ್ಮಿತ್ ಅಂತಾರೆ. ಬಿಚ್ಚಿ ನೋಡಿದ ಮೇಲೆ ಒಂದೊಂದಾಗಿ ಹೇಳುತ್ತೇನೆ, ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಆ್ಯಂಟಿ-ಸೈಫನ್ ಅಂದರೆ ಟ್ಯಾಂಕಿನೊಳಗೆ ಬಗ್ಗಿಸಿದ ಒಂದು ಕೊಳವೆ. ಟ್ಯಾಂಕ್ ಮಲಗಿದ್ದಾಗ ಅದರ ಬಾಯಿ ಮೇಲ್ಮುಖವಾಗಿ ಇರಬೇಕು, ಆಗ ಮೇಲಿನ ಗ್ಯಾಸ್ ಮಾತ್ರ ಎಳೆಯುತ್ತದೆ. ಆದರೆ ಪ್ರತಿ ಗನ್ನಿನ ಏಎಸ್‌ಎ ಅಡಾಪ್ಟರ್‌ನಲ್ಲಿ (ಟ್ಯಾಂಕ್ ತಿರುಗಿಸಿ ಕೂರಿಸುವ ಜಾಗ) ಟ್ಯಾಂಕ್ ಒಂದೊಂದು ಕೋನಕ್ಕೆ ಬಿಗಿಯಾಗಿ ನಿಲ್ಲುತ್ತದೆ. ಹೀಗಾಗಿ ಕೊಳವೆಯನ್ನು ಆ ಗನ್ನಿಗೇ ಹೊಂದಿಸಿ ಹಾಕಬೇಕು. ಬೇರೆಯವರ ಗನ್ನಿಗೆ ಹೊಂದಿಸಿದ ಟ್ಯಾಂಕನ್ನು ನಿಮ್ಮದಕ್ಕೆ ತಿರುಗಿಸಿದರೆ ಕೊಳವೆಯ ಬಾಯಿ ಕೆಳಗೇ ತಿರುಗಿರಬಹುದು, ಆಗ ಅದು ದ್ರವವನ್ನೇ ಹೀರುತ್ತದೆ, ಕೊಳವೆ ಇಲ್ಲದೇ ಇದ್ದರೇ ವಾಸಿ. ಇನ್ನೊಂದು, ಹಳೆಯ ಕೆಲವು ಗನ್‌ಗಳಿಗೆ ಬೇಕಂತಲೇ ದ್ರವ ಎಳೆಯುವ ಸೈಫನ್ ಟ್ಯಾಂಕ್ ಮಾರುತ್ತಿದ್ದರು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಸೆಕೆಂಡ್‌ಹ್ಯಾಂಡ್ ಟ್ಯಾಂಕಿನಲ್ಲಿ ಯಾವುದಿದೆ ಅಂತ ಕೇಳದೆ ಹಾಕಬೇಡಿ.

ಎಕ್ಸ್‌ಪಾನ್ಷನ್ ಚೇಂಬರ್ ದ್ರವಕ್ಕೆ ಕುದಿಯಲು ಸ್ವಲ್ಪ ಜಾಗ, ಸ್ವಲ್ಪ ಹೊತ್ತು ಕೊಡುತ್ತದೆ. ನಿಧಾನವಾಗಿ ಹೊಡೆದಾಗ ಸಾಕು. ಆದರೆ ದ್ರವ ಕುದಿಯಲು ಬಿಸಿ ಬೇಕು, ಆ ಬಿಸಿಯನ್ನು ಅದು ಎಳೆದುಕೊಳ್ಳುವುದು ಚೇಂಬರಿನ ಲೋಹದಿಂದ. ಸತತವಾಗಿ ಹೊಡೆದರೆ ಲೋಹ ತಣ್ಣಗಾಗಿ ಮೈಮೇಲೆ ಬಿಳಿ ಹಿಮ ಕೂರುತ್ತದೆ, ಆಮೇಲೆ ದ್ರವ ದ್ರವವಾಗಿಯೇ ಮುಂದೆ ಹೋಗುತ್ತದೆ. ಎಲೆಕ್ಟ್ರಾನಿಕ್ ಗನ್ ತಗೊಳ್ಳುವುದೇ ಸೆಕೆಂಡಿಗೆ ಹತ್ತಾರು ಗುಂಡು ಹೊಡೆಯುವ ಆಸೆಗೆ, ಅಲ್ವಾ? ಸಿಓ2ಗೆ ಆಗದೇ ಇರುವುದೂ ಅದೇ.

ನಡುವೆ ಒಂದು ಒಳ್ಳೆಯ ರೆಗ್ಯುಲೇಟರ್, ಪಾಮರ್ಸ್ ಸ್ಟೆಬಿಲೈಜರ್ ಥರದ್ದು, ಹಾಕಿದರೆ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. ಒತ್ತಡವನ್ನು 300 ಪಿಎಸ್‌ಐಗೆ ಇಳಿಸಿದರೆ ಸಿಓ2 ದ್ರವವಾಗಿ ಉಳಿಯಬೇಕಾದರೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೋಗಬೇಕು. ಅಷ್ಟು ಚಳಿ ಆಗದಿದ್ದರೆ ಅದು ಗ್ಯಾಸ್ ಆಗಲೇಬೇಕು. ಎಲ್ಲಕ್ಕಿಂತ ಒಳ್ಳೆಯದು ರಿಮೋಟ್ ಲೈನ್: ಟ್ಯಾಂಕನ್ನು ಬೆನ್ನ ಚೀಲದಲ್ಲಿ ವಾಲ್ವ್ ಮೇಲೆ ಮಾಡಿ ನಿಲ್ಲಿಸಿ, ಸುರುಳಿ ಮೆದುಗೊಳವೆಯಲ್ಲಿ ಗ್ಯಾಸ್ ತರುವುದು. ಓಡುವಾಗ ಕುಲುಕಿ ಸ್ವಲ್ಪ ದ್ರವ ಬಂದರೂ ಅಷ್ಟುದ್ದ ಕೊಳವೆಯಲ್ಲಿ ಬಿಸಿಯಾಗಿ ಹೋಗುತ್ತದೆ. ಬೆನ್ನಿಗೆ ಅಂಟಿಕೊಂಡಿರುವ ಟ್ಯಾಂಕಿಗೆ ಮೈ ಶಾಖವೂ ಸಿಗುತ್ತದೆ.

ಇಷ್ಟೆಲ್ಲಾ ಮಾಡಿದರೂ ಸೀಲ್‌ಗಳ ಕಥೆ ಬೇರೆ. ಸಿಓ2 ರಬ್ಬರಿನೊಳಗೆ ಇಳಿಯುತ್ತದೆ. ಗನ್ ಒತ್ತಡದಲ್ಲಿ ಗಂಟೆಗಟ್ಟಲೆ ಇದ್ದು ಆಮೇಲೆ ನೀವು ಒಮ್ಮೆಲೇ ಗ್ಯಾಸ್ ಬಿಟ್ಟರೆ, ಒಳಗೆ ಇಳಿದದ್ದು ಉಬ್ಬಿ ಹೊರಗೆ ಬರುತ್ತದೆ, ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಗುಳ್ಳೆ ಎದ್ದು ಬಿರಿಯುತ್ತದೆ. ಟ್ಯಾಂಕಿನ ಬಾಯಿಯ ಓ-ರಿಂಗ್‌ಗೆ ಯುರೇಥೇನ್ ಹಾಕಿ ಅಂತ ಹೇಳುವುದು ಅದಕ್ಕೇ, ಮಾಮೂಲಿ ಕಪ್ಪು ನೈಟ್ರೈಲ್ ಬೇಗ ಹರಿಯುತ್ತದೆ. ಆದರೆ ಸೊಲೆನಾಯ್ಡ್ ಒಳಗಿನ ಸೀಲನ್ನು ಹಾಗೆ ಬದಲಾಯಿಸಲು ಆಗಲ್ಲ. ಹೈದ ಅವರ ಗನ್ ಬದುಕಿದೆ ಅಂದರೆ ಅವರು ಸಮಾಧಾನದಿಂದ ಹೊಡೆಯುವ ಮನುಷ್ಯ ಅಂತ ನನ್ನ ಅಂದಾಜು.

ಹುಬ್ಬಳ್ಳಿಹೈದ:
ಅದು ಖರೇ. ಪೇಂಟ್ ತುಟ್ಟಿ ಅದ ಮಾರಾಯ್ರೇ, ಒಂದೊಂದು ಗುಂಡೂ ಲೆಕ್ಕ ಮಾಡಿ ಹೊಡಿತೇನಿ.

ಶಿರಸಿಅಪ್ಪೆಮಿಡಿ:
😂 ಅವರ ಹೆಂಡತಿ ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟೇ ಇಲ್ಲ. ಗನ್ ಹಾಳಾದರೆ ದುಡ್ಡು ಹೋಯ್ತು ಅಷ್ಟೇ. ಮನುಷ್ಯರಿಗೆ ಏನಾಗುತ್ತದೆ?

ಕಾವೇರಿಕಾಯಿಲ್:
ಸರಿಯಾಗಿ ಹಿಡಿದಿರಿ ಮೇಡಂ. ಗನ್ನಿನ ಬಗ್ಗೆ ನಾವು ಎಷ್ಟು ಬೇಕಾದರೂ ಜಗಳ ಆಡಬಹುದು, ಪ್ರಾಣಕ್ಕೆ ಅಪಾಯ ಇರುವುದು ಟ್ಯಾಂಕಿನಲ್ಲಿ. ಅದು ಎಲೆಕ್ಟ್ರಾನಿಕ್ ಗನ್ನಿಗೂ ಒಂದೇ, ಮೆಕ್ಯಾನಿಕಲ್ ಗನ್ನಿಗೂ ಒಂದೇ.

ಅತಿ ಮುಖ್ಯವಾದದ್ದು ಇದು. ಟ್ಯಾಂಕಿನ ಮೇಲೆ ಹಿತ್ತಾಳೆ ವಾಲ್ವ್ ಇರುತ್ತದೆ. ಆ ವಾಲ್ವ್ ಟ್ಯಾಂಕಿಗೆ ತಿರುಪಿನಿಂದ ಕೂತಿದೆ, ಗನ್ನಿಗೂ ತಿರುಪಿನಿಂದಲೇ ಕೂರುತ್ತದೆ, ಎರಡೂ ತಿರುಗುವುದು ಒಂದೇ ದಿಕ್ಕಿಗೆ. ನೀವು ಗನ್ನಿನಿಂದ ಟ್ಯಾಂಕ್ ಬಿಚ್ಚುತ್ತಿದ್ದೇನೆ ಅಂದುಕೊಂಡು ತಿರುಗಿಸುತ್ತೀರಿ. ವಾಲ್ವ್ ಗನ್ನಿಗೇ ಕಚ್ಚಿಕೊಂಡಿದ್ದರೆ ಬಿಚ್ಚಿಕೊಳ್ಳುವುದು ವಾಲ್ವ್‌ನಿಂದ ಟ್ಯಾಂಕು. ಕೊನೆಯ ಸುತ್ತಿಗೆ ಟ್ಯಾಂಕ್ ರಾಕೆಟ್ ಆಗುತ್ತದೆ. ಅಮೆರಿಕದಲ್ಲಿ 2000ದ ದಶಕದ ಮೊದಲ ವರ್ಷಗಳಲ್ಲಿ ಹೀಗೆ ಜನ ಸತ್ತಿದ್ದಾರೆ. ಆಟದ ಮಧ್ಯೆ ಅಲ್ಲ, ಗನ್ ಬಿಚ್ಚಿಡುವಾಗ. ಇಲ್ಲಿಯ ಗ್ರಾಹಕ ಸುರಕ್ಷತಾ ಆಯೋಗ ಎಚ್ಚರಿಕೆ ಕೊಟ್ಟಿದ್ದೂ ಆಮೇಲೆಯೇ.

ಉಪಾಯ ತುಂಬಾ ಸುಲಭ. ಮನೆಯಲ್ಲಿರುವ ನೈಲ್ ಪಾಲಿಶ್ ತಗೊಂಡು ವಾಲ್ವ್ ಮತ್ತು ಟ್ಯಾಂಕ್ ಎರಡರ ಮೇಲೂ ಹಾಯುವಂತೆ ಒಂದೇ ಗೆರೆ ಎಳೆಯಿರಿ. ಬಿಚ್ಚುವಾಗ ಕಣ್ಣು ಆ ಗೆರೆಯ ಮೇಲಿರಲಿ. ಗೆರೆ ಒಂದಾಗಿ ತಿರುಗಿದರೆ ಸರಿ. ಟ್ಯಾಂಕಿನ ಗೆರೆ ಮುಂದೆ ಹೋಗಿ ವಾಲ್ವ್‌ನದ್ದು ಅಲ್ಲೇ ನಿಂತರೆ, ತಕ್ಷಣ ನಿಲ್ಲಿಸಿ. "ಇನ್ನೊಂದು ಸುತ್ತು ನೋಡೋಣ" ಬೇಡ. ಇದ್ದ ಹಾಗೇ ಅಂಗಡಿಯವರ ಕೈಗೆ ಕೊಡಿ.

ಮಾಮೂಲಾಗಿ ಬಿಚ್ಚುವಾಗಲೂ ಒಂದು ಕ್ರಮ ಇದೆ. ಮುಕ್ಕಾಲು ಸುತ್ತು ತಿರುಗಿಸಿದರೆ ವಾಲ್ವ್‌ನ ಪಿನ್ ಮುಚ್ಚಿಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ, ಗುಂಡು ಇಲ್ಲದ ಗನ್ನನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ ಒಳಗೆ ಉಳಿದ ಗ್ಯಾಸ್ ಹೊಡೆದು ಖಾಲಿ ಮಾಡಿ. ಆಮೇಲೆ ಪೂರ್ತಿ ಬಿಚ್ಚಿ. ನಿಮ್ಮದು ಅಯಾನ್ ಆದ್ದರಿಂದ ಹೊಡೆದು ಖಾಲಿ ಮಾಡಲು ಬ್ಯಾಟರಿ ಇರಬೇಕು. ಬ್ಯಾಟರಿ ಮೊದಲೇ ತೆಗೆದಿಟ್ಟು ಒದ್ದಾಡುವವರನ್ನು ನೋಡಿದ್ದೇನೆ. ಇಷ್ಟೂ ಹೊತ್ತು ಮುಖದ ಮೇಲೆ ಮಾಸ್ಕ್ ಇರಲಿ, ಎಎಸ್‌ಟಿಎಮ್ ಎಫ್1776 (ಪೇಂಟ್‌ಬಾಲ್‌ನಲ್ಲಿ ಕಣ್ಣಿನ ರಕ್ಷಣೆಯ ಮಾನದಂಡ) ಅಂತ ಬರೆದಿರುವುದು.

ಗ್ಯಾಸ್‌ಗಣಪ:
ನನ್ನದೂ ಸ್ವಲ್ಪ ಸೇರಿಸ್ತೇನೆ. ಸಿಓ2 ಟ್ಯಾಂಕನ್ನು ಒತ್ತಡ ನೋಡಿ ತುಂಬಲು ಆಗಲ್ಲ, ಮೇಲೆ ಹೇಳಿದೆನಲ್ಲ, ತುಂಬಿದ್ದರೂ ಅಷ್ಟೇ, ಅರ್ಧ ಇದ್ದರೂ ಅಷ್ಟೇ. ತಕ್ಕಡಿಯ ಮೇಲಿಟ್ಟು ತೂಕದಿಂದಲೇ ತುಂಬಬೇಕು. 20 ಔನ್ಸ್ ಅಂದರೆ 20 ಔನ್ಸ್, ಸುಮಾರು 567 ಗ್ರಾಂ. ಟ್ಯಾಂಕಿನಲ್ಲಿ ಹಿಡಿಯುವ ನೀರಿನ ತೂಕದ ಶೇಕಡಾ 68 ಮಾತ್ರ ಅದು. ಉಳಿದ ಜಾಗ ದ್ರವ ಬಿಸಿಗೆ ಹಿಗ್ಗಲು ಬಿಟ್ಟಿರುವುದು. "ಇನ್ನೊಂಚೂರು ಹಾಕಿ ಸಾರ್" ಅಂತ ಕೇಳುವವರೂ ಇದ್ದಾರೆ, ಹಾಕಿಕೊಡುವವರೂ ಇದ್ದಾರೆ. ತಣ್ಣಗಿರುವಾಗ ಏನೂ ಗೊತ್ತಾಗಲ್ಲ. ಕಾರಿನಲ್ಲಿ ಬಿಸಿಲಿಗೆ ಇಟ್ಟಾಗ ದ್ರವ ಹಿಗ್ಗಿ ಜಾಗ ಇಲ್ಲದೆ 3,000 ಪಿಎಸ್‌ಐ ಹತ್ತಿರ ಹೋಗುತ್ತದೆ, ಆಗ ವಾಲ್ವ್‌ನಲ್ಲಿರುವ ಬರ್ಸ್ಟ್ ಡಿಸ್ಕ್ (ಒತ್ತಡ ಮಿತಿ ಮೀರಿದರೆ ಒಡೆಯುವ ತೆಳು ಬಿಲ್ಲೆ) ಒಡೆದು ಗ್ಯಾಸ್ ಹೊರಗೆ ಬಿಡುತ್ತದೆ. ಡಿಸ್ಕ್ ಒಡೆಯುವುದು ಒಳ್ಳೆಯದೇ, ಒಡೆಯದಿದ್ದರೆ ಟ್ಯಾಂಕೇ ಸೀಳುತ್ತದೆ. ದಯವಿಟ್ಟು ಯಾರೂ "ಪದೇ ಪದೇ ಒಡೆಯುತ್ತೆ" ಅಂತ ಎರಡು ಡಿಸ್ಕ್ ಸೇರಿಸಿ ಹಾಕಬೇಡಿ.

ಈಗ ಲೆಕ್ಕ ನೋಡಿ. 567 ಗ್ರಾಂ ಸಿಓ2 ಹೊರಗೆ ಬಂದರೆ 300 ಲೀಟರ್ ಗ್ಯಾಸ್. ಒಂದು ಮಾಮೂಲಿ ಕಾರಿನೊಳಗೆ ಇರುವ ಗಾಳಿ 3,000 ಲೀಟರ್ ಆಸುಪಾಸು. ಅಂದರೆ ಕಿಟಕಿ ಮುಚ್ಚಿದ ಕಾರಿನಲ್ಲಿ ಸುಮಾರು ಶೇಕಡಾ 10. ಕೆಲಸದ ಜಾಗದಲ್ಲಿ ದಿನವಿಡೀ ಇರಬಹುದಾದ ಮಿತಿ ಶೇಕಡಾ 0.5. ಶೇಕಡಾ 4ನ್ನೇ ಪ್ರಾಣಕ್ಕೆ ಅಪಾಯ ಅಂತ ಇಲ್ಲಿ ಗುರುತು ಮಾಡಿದ್ದಾರೆ. 10ರಲ್ಲಿ ಕೆಲವೇ ನಿಮಿಷಕ್ಕೆ ಪ್ರಜ್ಞೆ ತಪ್ಪುತ್ತದೆ. ಅದಕ್ಕೆ ವಾಸನೆಯೂ ಇಲ್ಲ. ಓಡಿಸುತ್ತಿರುವಾಗ ಹಿಂದೆ ಬುಸ್ ಅಂತ ಸದ್ದು ಬಂದರೆ ಮೊದಲು ಎಲ್ಲಾ ಕಿಟಕಿ ಇಳಿಸಿ, ಪಕ್ಕಕ್ಕೆ ನಿಲ್ಲಿಸಿ, ಇಳಿಯಿರಿ. ಮಕ್ಕಳನ್ನು ಮೊದಲು ಇಳಿಸಿ. ಈ ಗ್ಯಾಸ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಕೆಳಗೇ ಕೂರುತ್ತದೆ. ಬೇಸ್‌ಮೆಂಟಿನಲ್ಲಿ ಟ್ಯಾಂಕ್ ಖಾಲಿ ಮಾಡಬೇಡಿ ಅನ್ನುವುದೂ ಅದಕ್ಕೇ.

ಚರ್ಮದ ವಿಷಯ: ಹೊರಗೆ ಬಂದ ದ್ರವ ತಕ್ಷಣ ಡ್ರೈ ಐಸ್ ಆಗುತ್ತದೆ, ಸೊನ್ನೆಗಿಂತ 78 ಡಿಗ್ರಿ ಕೆಳಗೆ. ಓ-ರಿಂಗ್ ಹರಿದು ಸೋರುತ್ತಿರುವ ಟ್ಯಾಂಕಿಗೆ ಬರಿಗೈ ಒತ್ತಿ ನಿಲ್ಲಿಸಲು ಹೋದರೆ ಬೊಬ್ಬೆ ಗ್ಯಾರಂಟಿ. ಸೋರಲಿ ಬಿಡಿ.

ಮೈಸೂರ್‌ಪಾಕ್99:
ಅಯ್ಯೋ ನಾನು ತಮಾಷೆಗೆ ಹೇಳಿದ್ದು, ಇಷ್ಟೊಂದು ಇದೆ ಅಂತ ಗೊತ್ತಿರಲಿಲ್ಲ. ಇನ್ನೊಂದು ಡೌಟು. ಬಿಸಿಲಿಗೆ ಒತ್ತಡ ಏರುತ್ತೆ ಅಂದಿರಲ್ಲ, ಗುಂಡಿನ ವೇಗವೂ ಏರುತ್ತಾ?

ಕಾವೇರಿಕಾಯಿಲ್:
ಏರುತ್ತದೆ. ಇಲ್ಲಿ ಮಿತಿ ಸೆಕೆಂಡಿಗೆ 300 ಅಡಿ, ಬಹಳ ಮೈದಾನಗಳಲ್ಲಿ 280. ಬೆಳಗ್ಗೆ ತಂಪಿನಲ್ಲಿ ಕ್ರೋನೋ (ಗುಂಡಿನ ವೇಗ ಅಳೆಯುವ ಯಂತ್ರ) ಮುಂದೆ ಹೊಡೆದು 280ಕ್ಕೆ ಹೊಂದಿಸಿದ ಗನ್, ಮಧ್ಯಾಹ್ನ ಬಿಸಿಲಲ್ಲಿ ಮಿತಿ ದಾಟಿರುತ್ತದೆ. ದ್ರವ ನುಗ್ಗಿದಾಗ ಒಂದೊಂದು ಗುಂಡು ಇನ್ನೂ ಜೋರಾಗಿ ಹಾರುತ್ತದೆ, ನಿಮಗೆ ಗೊತ್ತೇ ಆಗಲ್ಲ, ಎದುರಿನವನಿಗೆ ಗೊತ್ತಾಗುತ್ತದೆ. ರೆಗ್ಯುಲೇಟರ್ ಇಲ್ಲದ ಸಿಓ2 ಗನ್ ಆದರೆ ಊಟ ಆದ ಮೇಲೆ ಮತ್ತೆ ಕ್ರೋನೋ ಮಾಡಿ.

ಬನಶಂಕರಿಬಂಕರ್:
ಬೆಂಗಳೂರಿನಿಂದ ಒಂದು ಪ್ರಶ್ನೆ. ನನ್ನ ಕಸಿನ್ ಅಮೆರಿಕದಿಂದ ಬರುವಾಗ ಇಂಥ ಟ್ಯಾಂಕ್ ತರುತ್ತೇನೆ ಅಂತಿದ್ದಾನೆ. ಇಲ್ಲಿ ಫೈರ್ ಎಕ್ಸ್‌ಟಿಂಗ್ವಿಷರ್ ತುಂಬುವವರ ಹತ್ತಿರ ತುಂಬಿಸಿಕೊಂಡರೆ ಆಯ್ತಲ್ಲ?

ಗ್ಯಾಸ್‌ಗಣಪ:
ಬೇಡ ಸಾರ್. ಮೊದಲನೇದಾಗಿ ವಿಮಾನಕ್ಕೇ ಬಿಡಲ್ಲ. ವಾಲ್ವ್ ಪೂರ್ತಿ ತೆಗೆದು ಒಳಗೆ ಖಾಲಿ ಅಂತ ಕಣ್ಣಿಗೆ ಕಾಣುವ ಹಾಗಿದ್ದರೆ ಮಾತ್ರ ಅಮೆರಿಕದ ಏರ್‌ಪೋರ್ಟ್ ಭದ್ರತೆಯವರು ಒಪ್ಪುತ್ತಾರೆ. ವಾಲ್ವ್ ತೆಗೆಯುವುದು, ಮತ್ತೆ ಕೂರಿಸುವುದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಕಾರಣ ಮೇಲೆ ಕಾವೇರಿಯವರು ಬರೆದಿದ್ದಾರೆ. ಎರಡನೇದು, ಭಾರತದಲ್ಲಿ ಇದಕ್ಕೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ, ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೋ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆಯ ಸರ್ಕಾರಿ ಸಂಸ್ಥೆ) ಅದನ್ನು ನೋಡಿಕೊಳ್ಳುತ್ತದೆ. ಅವರು ಒಪ್ಪದ ಸಿಲಿಂಡರ್‌ಗೆ ಗ್ಯಾಸ್ ತುಂಬುವ ಹಾಗಿಲ್ಲ. ಬೀದಿ ಕೊನೆಯ ಅಂಗಡಿಯವನು ತುಂಬಿಕೊಡಬಹುದು, ತೂಕ ನೋಡುತ್ತಾನಾ ಅನ್ನುವುದೇ ಪ್ರಶ್ನೆ. ಕಸಿನ್‌ಗೆ ಒಳ್ಳೆಯ ಮಾಸ್ಕ್ ತರಲು ಹೇಳಿ.

ಡಲ್ಲಾಸ್‌ದಾವಣಗೆರೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೆಂಡತಿಗೂ ಓದಿ ಹೇಳಿದೆ. ನೈಲ್ ಪಾಲಿಶ್ ಕೊಡಲು ಒಪ್ಪಿದ್ದಾಳೆ, ಕೆಂಪು ಬೇಡವಂತೆ. ಹಾಗಾದರೆ ಅಯಾನ್‌ಗೆ ಏರ್ ಟ್ಯಾಂಕೇ ತಗೊಳ್ಳಲಾ?

ಕಾವೇರಿಕಾಯಿಲ್:
ಹೌದು, ಎಚ್‌ಪಿಎ, ಅಂದರೆ ಹೈ ಪ್ರೆಶರ್ ಏರ್. ಅದರಲ್ಲಿ ದ್ರವ ಇಲ್ಲ, ಬರೀ ಗಾಳಿ. ಟ್ಯಾಂಕಿನ ಮೇಲೇ ರೆಗ್ಯುಲೇಟರ್ ಇರುತ್ತದೆ, 800 ಪಿಎಸ್‌ಐ ಆಸುಪಾಸು ಒಂದೇ ಸಮ ಕೊಡುತ್ತದೆ. ಶುರುವಿಗೆ 3,000 ಪಿಎಸ್‌ಐನ 48 ಕ್ಯೂಬಿಕ್ ಇಂಚಿನ ಅಲ್ಯುಮಿನಿಯಂ ಟ್ಯಾಂಕ್ ಸಾಕು, ಅಗ್ಗ. ಗುಂಡು ಜಾಸ್ತಿ ಬೇಕಾದರೆ ಆಮೇಲೆ 4,500ರ ಫೈಬರ್ ಟ್ಯಾಂಕ್. ಒಂದು ಮಾತು, ಈ ಟ್ಯಾಂಕಿನ ನಿಪ್ಪಲ್‌ಗೆ (ಗಾಳಿ ತುಂಬುವ ಬಾಯಿ) ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ. ಅಷ್ಟು ಒತ್ತಡದ ಗಾಳಿಯಲ್ಲಿ ಎಣ್ಣೆ ಹೊತ್ತಿಕೊಳ್ಳಬಹುದು. ಸಿಓ2ನಲ್ಲಿ ಆ ತಲೆನೋವು ಇಲ್ಲ, ಅದೊಂದು ಅದರ ಪುಣ್ಯ.

ಸಿಓ2 ಟ್ಯಾಂಕನ್ನು ಆ ಎ-5 ಹುಡುಗನಿಗೆ ಮಾರಿ. ಅವನಿಗೆ ಉಪಯೋಗ.

ಡಲ್ಲಾಸ್‌ದಾವಣಗೆರೆ:
ಟ್ಯಾಂಕಿನ ಭುಜದ ಮೇಲೆ 3ಎಎಲ್1800 ಅಂತ ಇದೆ, ಪಕ್ಕದಲ್ಲಿ 8, 17 ಅಂತ ಒತ್ತಿದ್ದಾರೆ. ಏನದು?

ಗ್ಯಾಸ್‌ಗಣಪ:
ಅಲ್ಯುಮಿನಿಯಂ ಟ್ಯಾಂಕ್, 1,800 ಪಿಎಸ್‌ಐ ಕೆಲಸದ ಒತ್ತಡ, ಟೆಸ್ಟ್ ಆಗಿದ್ದು 2017ರ ಆಗಸ್ಟ್. 5 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ತಡೆಯುತ್ತಾ ಅಂತ ನೋಡುವ ಪರೀಕ್ಷೆ) ಆಗಬೇಕು, ಇದರದ್ದು ಮುಗಿದು ಹೋಗಿದೆ. ಒಳ್ಳೆಯ ಅಂಗಡಿಯವರು ತುಂಬಲ್ಲ. ಹಾಗೇ ಮಾರಬೇಡಿ. ಟೆಸ್ಟ್ ಮಾಡಿಸುವ ಖರ್ಚಿಗೂ ಹೊಸ ಟ್ಯಾಂಕಿಗೂ ಜಾಸ್ತಿ ವ್ಯತ್ಯಾಸ ಇರಲ್ಲ, ಹಾಗಾಗಿ ಬಿಟ್ಟುಬಿಡುವುದೇ ಒಳ್ಳೆಯದು. ಒಳಗೆ ಗ್ಯಾಸ್ ಇದೆಯಾ?

ಡಲ್ಲಾಸ್‌ದಾವಣಗೆರೆ:
ಅಲ್ಲಾಡಿಸಿದರೆ ಕುಲುಕುತ್ತದೆ.

ಗ್ಯಾಸ್‌ಗಣಪ:
ಹಾಗಾದರೆ ದ್ರವ ಇದೆ. ಬೆಳಗ್ಗೆ ತಂಪು ಹೊತ್ತಿನಲ್ಲಿ, ಕಿಟಕಿ ಇಳಿಸಿಕೊಂಡು, ಪೇಂಟ್‌ಬಾಲ್ ಅಂಗಡಿಗೆ ಒಯ್ದು ಕೊಡಿ. ಅವರೇ ಖಾಲಿ ಮಾಡಿ ವಾಲ್ವ್ ತೆಗೆದು ಕೊಡುತ್ತಾರೆ. ವಾಲ್ವ್ ತೆಗೆದ ಮೇಲೆ ಅಲ್ಯುಮಿನಿಯಂ ಗುಜರಿಗೆ ಹಾಕಬಹುದು. ಅಲ್ಲಿಯ ತನಕ ಗ್ಯಾರೇಜಿನಲ್ಲಿ ವಾಟರ್ ಹೀಟರ್ ಪಕ್ಕದಲ್ಲಿ ಮಾತ್ರ ಇಡಬೇಡಿ.

ಡಲ್ಲಾಸ್‌ದಾವಣಗೆರೆ:
ಈಗಲೇ ಹೋಗಿ ತೆಗೆದಿಡುತ್ತೇನೆ.